ಬಾಲ್ಡ್ರಿಕ್‌ನ ಉಪಾಯ ಏನಿತ್ತು? ಕಾಕನಕೋಟೆಯಿಂದ ನೋಡಿದ 'ಬ್ಲ್ಯಾಕ್‌ಆಡರ್'

(ಇತಿಹಾಸ ಪಾಡ್‌ಕಾಸ್ಟ್‌ನ ಸಂಚಿಕೆಯೊಂದರ ಅಕ್ಷರರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದರೂ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)



ಮಿಸ್ಟರ್ ಬೀನ್ ಯಾರಿಗೆ ಗೊತ್ತಿಲ್ಲ ಹೇಳಿ? ಹುಣಸೂರಿನ ಬಸ್ ಸ್ಟ್ಯಾಂಡಲ್ಲಿ ಮೊಬೈಲ್ ಹಿಡಿದು ಕೂತ ಮಗುವಿಗೂ ಗೊತ್ತು. ಮಾತೇ ಇಲ್ಲ, ಬರೀ ಮುಖ. ಆದರೆ ಆ ಬೀನ್ ಪಾತ್ರ ಮಾಡಿದ ರೋವನ್ ಅಟ್ಕಿನ್‌ಸನ್ ಅದಕ್ಕೂ ಮೊದಲು ಇನ್ನೊಂದು ಪಾತ್ರ ಮಾಡಿದ್ರು. ಅದು ಪೂರ್ತಿ ಉಲ್ಟಾ. ಅಲ್ಲಿ ಬಾಯಿ ತೆಗೆದರೆ ಎದುರಿಗಿದ್ದವನ ಮಾನ ಹೋಗಬೇಕು, ಅಂಥಾ ಮಾತು. ಆ ಧಾರಾವಾಹಿಯ ಹೆಸರು 'ಬ್ಲ್ಯಾಕ್‌ಆಡರ್'. ಅದರ ಕೊನೆಯ ಸಂಚಿಕೆ ಬಿಬಿಸಿಯಲ್ಲಿ ಬಂದದ್ದು 1989ರ ನವೆಂಬರ್ 2ಕ್ಕೆ. ಎರಡೇ ತಿಂಗಳಾದ ಮೇಲೆ, 1990ರ ಜನವರಿ 1ಕ್ಕೆ, ಮಿಸ್ಟರ್ ಬೀನ್ ಶುರುವಾಯ್ತು.

ಇಂಗ್ಲೆಂಡಿನ ಐನೂರು ವರ್ಷದ ಇತಿಹಾಸವನ್ನ ಗೇಲಿ ಮಾಡೋ ಒಂದು ಧಾರಾವಾಹಿಗೂ ನಮ್ಮ ಹೆಗ್ಗಡದೇವನಕೋಟೆ ಕಾಡಿಗೂ ಏನ್ರೀ ಸಂಬಂಧ ಅಂತ ಕೇಳಬಹುದು. ಒಂದು ಎಳೆ ಕೊಡ್ತೀನಿ. ಧಾರಾವಾಹಿಯ ನಾಲ್ಕನೇ ಸರಣಿ ನಡೆಯೋದು 1917ರಲ್ಲಿ, ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ. ಆ ಸೈನಿಕರು ಯಾರ ಹೆಸರಲ್ಲಿ ಸಾಯ್ತಿದ್ರೋ ಆ ರಾಜ ಐದನೇ ಜಾರ್ಜ್. ಅದೇ ಮನುಷ್ಯ 1906ರಲ್ಲಿ, ಇನ್ನೂ ಯುವರಾಜನಾಗಿದ್ದಾಗ, ಹೆಂಡತಿ ಸಮೇತ ಮೈಸೂರಿಗೆ ಬಂದು, ಕಾರಾಪುರದ ಶಿಬಿರದಲ್ಲಿ ಇದ್ದು, ಕಬಿನಿ ದಡದ ಕಾಕನಕೋಟೆ ಕಾಡಲ್ಲಿ ಆನೆ ಹಿಡಿಯೋ ಖೆಡ್ಡಾ ನೋಡಿ ಹೋದ. ಇವತ್ತಿನ ಮಾತು ಅಲ್ಲಿಂದ ಹೊರಟು ಇಂಗ್ಲೆಂಡ್ ಸುತ್ತಿ ಮತ್ತೆ ಅಲ್ಲಿಗೇ ಬರುತ್ತೆ.

ಹಾವಿಗೆ ಹೆಸರಿಟ್ಟವನು ಯಾರು?

ಮೊದಲು ಹೊಸಬರಿಗೆ ಸ್ವಲ್ಪ ಪರಿಚಯ. ಒಟ್ಟು ನಾಲ್ಕು ಸರಣಿ, ಒಂದೊಂದರಲ್ಲಿ ಆರು ಸಂಚಿಕೆ, ಒಟ್ಟು 24. ಒಂದೊಂದೂ ಅರ್ಧ ಗಂಟೆ. ಮೊದಲನೇ ಸರಣಿ 1983ರಲ್ಲಿ ಬಂತು, ಎರಡನೇದು 1986, ಮೂರನೇದು 1987, ನಾಲ್ಕನೇದು 1989. ಮೊದಲನೇದನ್ನ ಬರೆದವರು ರಿಚರ್ಡ್ ಕರ್ಟಿಸ್ ಮತ್ತು ಅಟ್ಕಿನ್‌ಸನ್. ಎರಡನೇದರಿಂದ ಅಟ್ಕಿನ್‌ಸನ್ ಬರವಣಿಗೆ ಬಿಟ್ಟು ನಟನೆಗೆ ನಿಂತರು, ಕರ್ಟಿಸ್ ಜೊತೆ ಬೆನ್ ಎಲ್ಟನ್ ಸೇರಿಕೊಂಡರು. ನಿರ್ಮಾಪಕ ಜಾನ್ ಲಾಯ್ಡ್.

ಕಥೆ ಏನಪ್ಪಾ ಅಂದ್ರೆ, ಎಡ್ಮಂಡ್ ಬ್ಲ್ಯಾಕ್‌ಆಡರ್ ಅನ್ನೋ ಹೆಸರಿನವನು ನಾಲ್ಕು ಕಾಲದಲ್ಲಿ ನಾಲ್ಕು ಸಲ ಹುಟ್ಟುತ್ತಾನೆ, ಅಂದ್ರೆ ಒಂದೇ ವಂಶದ ನಾಲ್ಕು ಜನ. ಮೊದಲ ಸರಣಿಯಲ್ಲಿ ರಾಜಕುಮಾರ. ಎರಡನೇದರಲ್ಲಿ ಆಸ್ಥಾನದ ಪ್ರಭು. ಮೂರನೇದರಲ್ಲಿ ಯುವರಾಜನ ಮನೆಯ ಬಟ್ಲರ್. ನಾಲ್ಕನೇದರಲ್ಲಿ ಕಂದಕದೊಳಗಿನ ಕ್ಯಾಪ್ಟನ್. ತಲೆಮಾರು ಕಳೆದಂತೆ ಅಂತಸ್ತು ಇಳೀತಾ ಹೋಗುತ್ತೆ, ಬುದ್ಧಿ ಏರ್ತಾ ಹೋಗುತ್ತೆ. ಮೊದಲನೇ ಎಡ್ಮಂಡ್ ಶುದ್ಧ ಪೆದ್ದ. ಕೊನೆಯವನಿಗಿಂತ ಚುರುಕಾದವನು ಆ ಸೈನ್ಯದಲ್ಲೇ ಇಲ್ಲ, ಆದರೆ ಆ ಬುದ್ಧಿಯಿಂದ ಅವನಿಗೆ ಮೂರು ಕಾಸಿನ ಉಪಯೋಗ ಇಲ್ಲ.

ಎಲ್ಲಾ ಕಾಲದಲ್ಲೂ ಅವನ ಹಿಂದೆ ಒಬ್ಬ ಆಳು ಇರ್ತಾನೆ. ಹೆಸರು ಬಾಲ್ಡ್ರಿಕ್. ಪಾತ್ರಧಾರಿ ಟೋನಿ ರಾಬಿನ್‌ಸನ್. ಸ್ನಾನ ಇಲ್ಲ, ಸಂಬಳ ಇಲ್ಲ, ಪ್ರೀತಿಯ ತರಕಾರಿ ಟರ್ನಿಪ್, ಅಂದ್ರೆ ನಮ್ಮ ಮೂಲಂಗಿಯ ಸೋದರ ಸಂಬಂಧಿ. ಕಷ್ಟ ಬಂದಾಗೆಲ್ಲ ಅವನು ಮುಂದೆ ಬಂದು, ಬುದ್ಧಿ, ನನ್ನ ಹತ್ರ ಒಂದು ಕಿಲಾಡಿ ಉಪಾಯ ಇದೆ ಅಂತಾನೆ. ಯಜಮಾನ ಬೈತಾನೆ. ನಾವು ನಗ್ತೀವಿ.

ಆದರೆ ಮೊದಲ ಸಂಚಿಕೆಯನ್ನ ಸರಿಯಾಗಿ ಗಮನಿಸಿ. ರಾಜಕುಮಾರ ಎಡ್ಮಂಡ್ ತನಗೊಂದು ಭಯಂಕರ ಬಿರುದು ಬೇಕು ಅಂತ ಯೋಚನೆ ಮಾಡಿ, 'ಕರಿ ತರಕಾರಿ' ಅನ್ನೋ ಅರ್ಥದ ಹೆಸರು ಹೇಳ್ತಾನೆ! ಪಕ್ಕದಲ್ಲಿದ್ದ ಬಾಲ್ಡ್ರಿಕ್ ಮೆಲ್ಲಗೆ, ಬ್ಲ್ಯಾಕ್ ಆಡರ್ ಅಂದ್ರೆ ಹೇಗೆ ಅಂತ ಸೂಚಿಸ್ತಾನೆ. ಆಡರ್ ಅಂದ್ರೆ ಮಂಡಲದ ಹಾವಿನ ಜಾತಿ. ಎಡ್ಮಂಡ್ ಅದನ್ನ ಕೇಳಿಸಿಕೊಂಡು, ಬೇಡ ಬೇಡ, ನನಗೆ ಇನ್ನೂ ಒಳ್ಳೇದು ಹೊಳೀತು ಅಂತ ಹೇಳಿ ಅದೇ ಹೆಸರನ್ನ ತನ್ನದು ಅಂತ ಘೋಷಿಸ್ತಾನೆ. ಅಂದ್ರೆ ನಾಲ್ಕು ತಲೆಮಾರು ಮೆರೆದ ಆ ವಂಶದ ಹೆಸರೇ ಆಳಿನ ತಲೆಯಿಂದ ಬಂದದ್ದು. ಯಾವ ದಾಖಲೆಯಲ್ಲೂ ಅದು ಇರಲ್ಲ. ಇಡೀ ಧಾರಾವಾಹಿಯ ಬೀಗದಕೈ ಇದೇ ಅಂತ ನನಗನ್ನಿಸುತ್ತೆ.

ಮೊದಲ ಸರಣಿ: 1485, ಅಲ್ಲೂ ಇಲ್ಲೂ

ಕಥೆ ಶುರುವಾಗೋದು 1485ರ ಬಾಸ್ವರ್ತ್ ಯುದ್ಧದಿಂದ. ನಿಜವಾದ ಇತಿಹಾಸದಲ್ಲಿ ಅಲ್ಲಿ ಮೂರನೇ ರಿಚರ್ಡ್ ಸತ್ತ, ಗೆದ್ದ ಹೆನ್ರಿ ಟ್ಯೂಡರ್ ರಾಜನಾದ. ಧಾರಾವಾಹಿಯಲ್ಲಿ ಏನಾಗುತ್ತೆ ಅಂದ್ರೆ, ರಿಚರ್ಡ್ ಯುದ್ಧ ಗೆಲ್ತಾನೆ, ಆದರೆ ಅವನ ಕುದುರೆ ತಗೊಳ್ಳೋಕೆ ಬಂದವನನ್ನ ಕಳ್ಳ ಅಂದುಕೊಂಡು ಎಡ್ಮಂಡ್ ತಲೆ ಹಾರಿಸಿಬಿಡ್ತಾನೆ. ತಲೆ ಎತ್ತಿ ನೋಡಿದ್ರೆ ರಾಜ! ಆಮೇಲೆ ಹದಿಮೂರು ವರ್ಷ ನಾಲ್ಕನೇ ರಿಚರ್ಡ್ ಅನ್ನೋ, ನಿಜದಲ್ಲಿ ಇರದೇ ಇದ್ದ ರಾಜನ ಆಳ್ವಿಕೆ. ಕೊನೆಗೆ ಅಧಿಕಾರಕ್ಕೆ ಬಂದ ಹೆನ್ರಿ ಆ ಹದಿಮೂರು ವರ್ಷವನ್ನೇ ಪುಸ್ತಕದಿಂದ ಅಳಿಸಿಹಾಕಿದ, ಅದಕ್ಕೇ ನಿಮಗೆ ಗೊತ್ತಿಲ್ಲ ಅನ್ನೋದು ಇಡೀ ಸರಣಿಯ ನೆಪ.

ತಮಾಷೆ ಅನ್ಸುತ್ತಾ? ಸುಮಾರು ಅದೇ 1485ರ ಹೊತ್ತಿಗೆ ವಿಜಯನಗರದಲ್ಲಿ ಏನಾಗ್ತಿತ್ತು ನೋಡಿ. ಸಂಗಮ ವಂಶದ ವಿರೂಪಾಕ್ಷನನ್ನ ಹಿರೀ ಮಗನೇ ಕೊಂದ. ಕೊಂದವನು ಸಿಂಹಾಸನ ಬೇಡ ಅಂತ ತಮ್ಮನಿಗೆ ಕೊಟ್ಟ. ತಮ್ಮ ರಾಜನಾದವನೇ ಅಣ್ಣನನ್ನ ಕೊಲ್ಲಿಸಿದ. ಆಮೇಲೆ ಸಾಳುವ ನರಸಿಂಹನ ದಂಡನಾಯಕ ಅರಮನೆಗೆ ನುಗ್ಗಿದಾಗ ತಡೆಯೋಕೆ ಬಾಗಿಲಲ್ಲಿ ಒಬ್ಬನೂ ಇರಲಿಲ್ಲ, ರಾಜ ಓಡಿಹೋದ. ಇದನ್ನೆಲ್ಲ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಕರ್ಟಿಸ್ ಮತ್ತು ಅಟ್ಕಿನ್‌ಸನ್ ಹಂಪಿಗೆ ಬಂದಿದ್ರೆ ಹೊಸದಾಗಿ ಏನೂ ಕಲ್ಪಿಸಬೇಕಾಗಿರಲಿಲ್ಲ.

ಒಂದು ಕಿವಿಮಾತು: ಮೊದಲ ಸರಣಿಯಿಂದ ನೋಡೋಕೆ ಶುರು ಮಾಡಬೇಡಿ. ಅದು ಕೋಟೆ, ಕುದುರೆ, ಹೊರಾಂಗಣ ಅಂತ ಭಾರೀ ಖರ್ಚಲ್ಲಿ ತೆಗೆದದ್ದು, ನಗು ಮಾತ್ರ ಅಲ್ಲಲ್ಲಿ. ಬಿಬಿಸಿಯವರಿಗೂ ಖರ್ಚು ಜಾಸ್ತಿಯಾಯ್ತು ಅನ್ನಿಸಿ, ಮುಂದಿನದನ್ನ ಸ್ಟುಡಿಯೋದೊಳಗೇ ಅಗ್ಗವಾಗಿ ಮಾಡಿ ಅಂದ್ರು. ಅದೇ ವರವಾಯ್ತು. ಕುದುರೆ ಹೋದವು, ಮಾತು ಬಂತು. ಕಂಪನಿ ನಾಟಕ ಗೊತ್ತಿರೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ಒಂದು ಪರದೆ, ಇಬ್ಬರು ನಟರು, ಮೊನಚು ಮಾತು ಇದ್ರೆ ಸಾಕು. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೋಡಿ ನಕ್ಕವರು ಎರಡನೇ ಸರಣಿಗೆ ನೇರವಾಗಿ ಹೋಗಬಹುದು.

ಎರಡನೇ ಸರಣಿ: ಆಲೂಗಡ್ಡೆ ಮತ್ತು ನಮ್ಮ ಬ್ಯಾರನ್ನು

ಇದು ಮೊದಲನೇ ಎಲಿಜಬೆತ್ ರಾಣಿಯ ಕಾಲ, 1558ರಿಂದ 1603. ಮಿರಾಂಡಾ ರಿಚರ್ಡ್‌ಸನ್ ಮಾಡಿರೋ ಆ ರಾಣಿ ಹಠಮಾರಿ ಮಗು ಇದ್ದಂತೆ. ಬೆಳಿಗ್ಗೆ ಮುದ್ದು ಬಂದವನಿಗೆ ಸಂಜೆ ತಲೆದಂಡ. ಪಕ್ಕದಲ್ಲಿ ಸ್ಟೀಫನ್ ಫ್ರೈ ಮಾಡಿರೋ ಮೆಲ್ಚೆಟ್ ಅನ್ನೋ ಮಂತ್ರಿ, ರಾಣಿ ಏನಂದ್ರೂ ತಲೆ ಆಡಿಸೋನು.

'ಪೊಟ್ಯಾಟೊ' ಅನ್ನೋ ಸಂಚಿಕೆಯನ್ನ ನಮ್ಮ ಕಡೆಯವರು ಬಿಡಬಾರದು. ವಾಲ್ಟರ್ ರ‍್ಯಾಲಿ ಅನ್ನೋ ನಾವಿಕ ಹೊಸ ಖಂಡದಿಂದ ಆಲೂಗಡ್ಡೆ ತಂದಿದ್ದಾನೆ ಅಂತ ಇಡೀ ಲಂಡನ್ ಹುಚ್ಚೆದ್ದು ಕುಣೀತಿರುತ್ತೆ. ಜನ ಅದನ್ನ ಸೇದ್ತಾರಂತೆ, ಅದರಲ್ಲಿ ಮನೆ ಕಟ್ತಾರಂತೆ, ಇನ್ನೇನು ತಿನ್ನೋಕೂ ಶುರು ಮಾಡ್ತಾರೇನೋ ಅಂತ ಬ್ಲ್ಯಾಕ್‌ಆಡರ್ ಗೊಣಗ್ತಾನೆ. ಆ ಹಡಗುಗಳ ಕಾಲದಲ್ಲೇ ಅಮೆರಿಕ ಖಂಡದಿಂದ ಹೊರಟ ಇನ್ನೊಂದು ಗಿಡ ಹೊಗೆಸೊಪ್ಪು. ಇವತ್ತು ಹುಣಸೂರು, ಪಿರಿಯಾಪಟ್ಟಣದ ದಾರಿಯಲ್ಲಿ ಹೋದ್ರೆ ಹೊಲದ ಮಧ್ಯೆ ನಿಂತಿರೋ ಬ್ಯಾರನ್ನುಗಳು, ಸೊಪ್ಪು ಬೇಯಿಸೋಕೆ ರಾಶಿ ಹಾಕಿದ ಸೌದೆ, ಹರಾಜು ಮಾರುಕಟ್ಟೆ ಮುಂದೆ ಬೇಲುಗಳ ಸಾಲು ಕಾಣುತ್ತಲ್ಲ, ಅದೆಲ್ಲ ಆ ಹುಚ್ಚಿನ ಬಾಲವೇ. ದೊರೆಗಳ ಶೋಕಿ ನಾನೂರು ವರ್ಷ ಆದ ಮೇಲೆ ಯಾರದೋ ಸಾಲದ ಲೆಕ್ಕವಾಗಿ ಉಳಿದುಕೊಳ್ಳುತ್ತೆ. ಇತಿಹಾಸ ಅಂದ್ರೆ ಇದು ಕೂಡ.

ಇನ್ನೂ ಒಂದೆರಡು ದಿನಾಂಕ ಜೋಡಿಸಿ. ಈ ರಾಣಿ ಆಳ್ತಿದ್ದಾಗಲೇ, 1565ರಲ್ಲಿ, ತಾಳಿಕೋಟೆ ಕದನದಲ್ಲಿ ವಿಜಯನಗರ ಸೋತಿತು. 1600ರ ಡಿಸೆಂಬರ್ 31ಕ್ಕೆ ಇದೇ ರಾಣಿ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ಅವಳು ಸತ್ತ ಏಳು ವರ್ಷಕ್ಕೆ, 1610ರಲ್ಲಿ, ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು, ದಸರಾ ಮೈಸೂರು ಅರಸರದಾಯ್ತು. ಬೇರೆ ಬೇರೆ ಪುಸ್ತಕದಲ್ಲಿ ಓದಿದಾಗ ಇವೆಲ್ಲ ಒಂದೇ ಕಾಲದವು ಅಂತ ಹೊಳೆಯೋದೇ ಇಲ್ಲ.

ನಡುವೆ ಒಂದು ತುಣುಕು: ಕಾಚನ ಕಾಲ

1988ರಲ್ಲಿ ಒಂದು ಧರ್ಮಾರ್ಥ ಕಾರ್ಯಕ್ರಮಕ್ಕಾಗಿ ಹದಿನೈದು ನಿಮಿಷದ ಚಿಕ್ಕ ತುಣುಕು ಮಾಡಿದ್ರು, 'ದಿ ಕ್ಯಾವಲಿಯರ್ ಇಯರ್ಸ್'. ಕಾಲ 1648. ಮೊದಲನೇ ಚಾರ್ಲ್ಸ್ ರಾಜ ಕ್ರಾಮ್ವೆಲ್‌ಗೆ ಹೆದರಿ ಬ್ಲ್ಯಾಕ್‌ಆಡರ್ ಮನೆಯಲ್ಲಿ ಅಡಗಿರ್ತಾನೆ. ಸಿಕ್ಕಿಬಿದ್ದ ರಾಜನನ್ನ ಉಳಿಸೋಕೆ ಬಾಲ್ಡ್ರಿಕ್ ಉಪಾಯ ಏನು ಗೊತ್ತಾ? ರಾಜನ ತಲೆ ಬದಲು ಒಂದು ಕುಂಬಳಕಾಯಿ ಇಡೋದು! ನಿಜದ ಚಾರ್ಲ್ಸ್ ತಲೆ 1649ರ ಜನವರಿ 30ಕ್ಕೆ ಉರುಳಿತು.

ಅದೇ ಹೊತ್ತಿಗೆ ಮೈಸೂರಲ್ಲಿ ಯಾರು? ರಣಧೀರ ಕಂಠೀರವ ನರಸರಾಜ ಒಡೆಯರು, 1638ರಿಂದ 1659. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ 'ಕಾಕನಕೋಟೆ' ನಾಟಕ ನಡೆಯೋದು ಈ ಅರಸರ ಕಾಲದಲ್ಲೇ. 1977ರಲ್ಲಿ ಸಿ.ಆರ್. ಸಿಂಹ ಅದನ್ನ ಸಿನಿಮಾ ಮಾಡಿದ್ರು. ಅವರ ಮೊದಲ ನಿರ್ದೇಶನ ಅದು. ಲೋಕೇಶ್, ಶ್ರೀನಾಥ್, ಗಿರಿಜಾ ಲೋಕೇಶ್ ಅಭಿನಯ, ಸಿ. ಅಶ್ವತ್ಥ್ ಸಂಗೀತ. ಅದರ ಹಾಡುಗಳು ಇವತ್ತಿಗೂ ನಮ್ಮ ಕಡೆ ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿಯೋ ಹಾಡುಗಳು.

ಅದು ಹಾಸ್ಯ ನಾಟಕ ಅಲ್ಲ, ನಿಜ. ಆದರೆ ಮಾಸ್ತಿ ಏನು ಮಾಡಿದ್ರು ನೋಡಿ. ಐತಿಹಾಸಿಕ ನಾಟಕ ಅಂದ್ರೆ ಕಿರೀಟ, ಕತ್ತಿ, ಪರಾಕು ಅಂತಿದ್ದ ಕಡೆ ಕಥೆಯ ನಡುಮಧ್ಯೆ ಕಾಡು ಕುರುಬರ ಮುಖಂಡ ಕಾಚನನ್ನ ನಿಲ್ಲಿಸಿದ್ರು. ಅರಸ ಇದ್ದಾನೆ, ಅಧಿಕಾರಿಗಳಿದ್ದಾರೆ, ಆದರೆ ಅವರನ್ನ ನಾವು ನೋಡೋದು ಕಾಡಿನ ಕಡೆಯಿಂದ. ಹಾಗೇ ಗಿರೀಶ ಕಾರ್ನಾಡರ 'ತುಘಲಕ್' ನೆನಪು ಮಾಡಿಕೊಳ್ಳಿ, 1964ರದ್ದು. ಸುಲ್ತಾನ ದೊಡ್ಡ ದೊಡ್ಡ ಕನಸಿನ ಆಜ್ಞೆ ಹೊರಡಿಸ್ತಾನೆ. ಅಗಸರ ಅಜೀಜ ಆ ಒಂದೊಂದು ಆಜ್ಞೆಯಲ್ಲೂ ತೂತು ಹುಡುಕಿ ದುಡ್ಡು ಮಾಡ್ತಾನೆ. ಬ್ಲ್ಯಾಕ್‌ಆಡರ್‌ನ ತಲೆಯನ್ನ ಬಾಲ್ಡ್ರಿಕ್ ಅಂತಸ್ತಿನವನಿಗೆ ಕೊಟ್ಟರೆ ಅಜೀಜ ಆಗ್ತಾನೆ! ಕನ್ನಡದಲ್ಲಿ ಆ ಸುಲ್ತಾನನ ಪಾತ್ರವನ್ನ ರಂಗದ ಮೇಲೆ ಮೆರೆಸಿದವರೂ ಇದೇ ಸಿಂಹ. ಹಾಗಾಗಿ 'ಬ್ಲ್ಯಾಕ್‌ಆಡರ್' ನಮಗೆ ಅಪರಿಚಿತ ಏನಲ್ಲ. ರಾಜನ ಕಥೆಯನ್ನ ಆಳಿನ ಕಡೆಯಿಂದ ನೋಡೋ ಅಭ್ಯಾಸ ಕನ್ನಡಕ್ಕೆ ಮೊದಲಿಂದ ಇದೆ.

ಮೂರನೇ ಸರಣಿ: ಶ್ರೀರಂಗಪಟ್ಟಣದಲ್ಲಿದ್ದ ಆ ಡ್ಯೂಕ್

ಇಲ್ಲಿ ಬ್ಲ್ಯಾಕ್‌ಆಡರ್ ಬಟ್ಲರ್. ಯಜಮಾನ ಯುವರಾಜ ಜಾರ್ಜ್, ಹ್ಯೂ ಲಾರಿ ಮಾಡಿರೋ ಪಾತ್ರ. ಚಡ್ಡಿ ಹಾಕಿಕೊಳ್ಳೋಕೂ ಬರದವನು. ಮೊದಲನೇ ಸಂಚಿಕೆಯೇ ಚುನಾವಣೆ. ಆಗ ಇಂಗ್ಲೆಂಡಿನಲ್ಲಿ ಜನರೇ ಇಲ್ಲದ ಕ್ಷೇತ್ರಗಳಿಂದಲೂ ಪಾರ್ಲಿಮೆಂಟಿಗೆ ಸದಸ್ಯರು ಹೋಗ್ತಿದ್ರು, ಅದು ನಿಜವಾದ ಇತಿಹಾಸ. 1832ರ ಕಾಯ್ದೆ ಬಂದ ಮೇಲೆ ಅದು ತಗ್ಗಿತು. ಧಾರಾವಾಹಿಯ ಕ್ಷೇತ್ರದಲ್ಲಿ ಇರೋದು ಒಬ್ಬನೇ ಮತದಾರ. ಬಾಲ್ಡ್ರಿಕ್ ಗೆಲ್ಲೋದು 16,472 ಮತಗಳಿಂದ! ಆ ಒಬ್ಬ ಮತದಾರನೂ ಬ್ಲ್ಯಾಕ್‌ಆಡರೇ, ಚುನಾವಣಾಧಿಕಾರಿಯೂ ಬ್ಲ್ಯಾಕ್‌ಆಡರೇ. ಗ್ರಾಮ ಪಂಚಾಯ್ತಿ ಚುನಾವಣೆ ಹತ್ತಿರದಿಂದ ನೋಡಿದವರು ಇದಕ್ಕೆ ಸ್ವಲ್ಪ ಜಾಸ್ತಿಯೇ ನಗ್ತಾರೆ.

ಕೊನೆಯ ಸಂಚಿಕೆಗೆ ಬನ್ನಿ. ಯುವರಾಜನ ಮೇಲೆ ಸಿಟ್ಟಾದ ಡ್ಯೂಕ್ ಆಫ್ ವೆಲಿಂಗ್ಟನ್ ದ್ವಂದ್ವ ಯುದ್ಧಕ್ಕೆ ಬರ್ತಾನೆ. ಹೆದರಿದ ಯುವರಾಜ, ಬಟ್ಲರ್ ಜೊತೆ ಬಟ್ಟೆ ಬದಲಾಯಿಸ್ತಾನೆ. ಈಗ ಆಳಿನ ಬಟ್ಟೆಯಲ್ಲಿ ಯುವರಾಜ. ವೆಲಿಂಗ್ಟನ್ ಬಂದವನೇ ಆಳು ಅಂತ ತಿಳಿದು ಯುವರಾಜನಿಗೆ ಬಾರಿಸ್ತಾನೆ, ಬಾರಿಸ್ತಾನೇ ಇರ್ತಾನೆ. ಬಟ್ಟೆ ಒಂದು ಬದಲಾದ್ರೆ ಸಾಕು, ಮರ್ಯಾದೆ ಎಲ್ಲ ಹೋಯ್ತು.

ಈ ವೆಲಿಂಗ್ಟನ್ ಯಾರು? ನಮ್ಮವರಿಗೆ ಚೆನ್ನಾಗಿ ಗೊತ್ತಿರಬೇಕಾದ ಆಸಾಮಿ. ಡ್ಯೂಕ್ ಆಗೋಕೆ ಮೊದಲು ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್. ಅದಕ್ಕೂ ಮೊದಲು ಅದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಾಗಿದ್ದವನು. ಆದರೆ ಗೆದ್ದ ಮೇಲೆ ಪಟ್ಟಣದ ಅಧಿಕಾರ ಸಿಕ್ಕಿದ್ದು ಬೇರ್ಡ್‌ಗಲ್ಲ, ಮೂವತ್ತು ವರ್ಷದ ವೆಲ್ಲೆಸ್ಲಿಗೆ. ಆಗ ಗವರ್ನರ್ ಜನರಲ್ ಯಾರು? ಅವನ ಸ್ವಂತ ಅಣ್ಣ ರಿಚರ್ಡ್ ವೆಲ್ಲೆಸ್ಲಿ. ಬೇರ್ಡ್ ಅದನ್ನ ಮರೆಯಲಿಲ್ಲ. ಸಾವಿರಾರು ಜನ ಸತ್ತ ಜಾಗದಲ್ಲೂ ದೊರೆಗಳ ಜಗಳ ಯಾರಿಗೆ ಯಾವ ಕುರ್ಚಿ ಅನ್ನೋದೇ. ಇದನ್ನ ಯಾರೂ ಹಾಸ್ಯಕ್ಕಂತ ಬರೆದದ್ದಲ್ಲ.

ಕೋಟೆ ಬಿದ್ದ ಗದ್ದಲದಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡ ಚನ್ನಗಿರಿ ಕಡೆಯ ಧೋಂಡಿಯ ವಾಘ್, ತಾನು ಎರಡೂ ಲೋಕಗಳ ಒಡೆಯ ಅಂತ ಬಿರುದು ಹೊತ್ತು ದಂಡು ಕಟ್ಟಿದ. ವೆಲ್ಲೆಸ್ಲಿ ಅವನ ಬೆನ್ನು ಹತ್ತಿ 1800ರ ಸೆಪ್ಟೆಂಬರ್ 10ಕ್ಕೆ ಕೊನೆಗಾಣಿಸಿದ. ಆಮೇಲೆ ಅವನ ದಂಡಿನ ಗುರಿ ನಮ್ಮ ಕಾಡಿನಾಚೆಯ ವಯನಾಡು, ಅಲ್ಲಿ ಪಳಶಿ ರಾಜನ ಜೊತೆ ಕುರಿಚ್ಯರು, ಕುರುಬರು ಬಿಲ್ಲು ಹಿಡಿದು ನಿಂತಿದ್ರು. ಅಂದ್ರೆ ಇಂಗ್ಲೆಂಡಿನ ಟಿವಿಯಲ್ಲಿ ಕೂಗಾಡೋ ಆ ಡ್ಯೂಕ್ ಯುದ್ಧ ಕಲಿತದ್ದು ನಮ್ಮ ದಾರಿಗಳಲ್ಲಿ, ನಮ್ಮ ಎತ್ತುಗಳ ಮೇಲೆ ಸಾಮಾನು ಹೇರಿಕೊಂಡು. ಧಾರಾವಾಹಿಯಲ್ಲಿ ಅದರ ಒಂದು ಮಾತೂ ಇಲ್ಲ. ಆಳಿನ ಕಡೆಯಿಂದ ನೋಡೋ ಧಾರಾವಾಹಿಗೂ ಸಮುದ್ರದಾಚೆಯ ಆಳು ಕಾಣಲಿಲ್ಲ. ಅಭಿಮಾನಿಯಾಗಿ ನನ್ನದೊಂದು ತಕರಾರಿದ್ರೆ ಅದು ಇದೇ.

ನಾಲ್ಕನೇ ಸರಣಿ: ನಗು ನಿಲ್ಲೋ ಜಾಗ

1917. ಕಂದಕದಲ್ಲಿ ಕ್ಯಾಪ್ಟನ್ ಬ್ಲ್ಯಾಕ್‌ಆಡರ್, ಲೆಫ್ಟಿನೆಂಟ್ ಜಾರ್ಜ್, ಸಿಪಾಯಿ ಬಾಲ್ಡ್ರಿಕ್. ಮೂವತ್ತೈದು ಮೈಲಿ ಹಿಂದಿನ ಬಂಗಲೆಯಲ್ಲಿ ಜನರಲ್ ಮೆಲ್ಚೆಟ್ ಮತ್ತು ಅವನ ಸಹಾಯಕ ಕ್ಯಾಪ್ಟನ್ ಡಾರ್ಲಿಂಗ್. ಬ್ಲ್ಯಾಕ್‌ಆಡರ್‌ಗೆ ಒಂದೇ ಗುರಿ, ಹೇಗಾದ್ರೂ ಮಾಡಿ ಇಲ್ಲಿಂದ ತಪ್ಪಿಸಿಕೊಳ್ಳಬೇಕು. ಅಡುಗೆಯವನಾಗಿ, ವಿಮಾನ ಹಾರಿಸೋನಾಗಿ, ಹುಚ್ಚನಾಗಿ ಎಲ್ಲ ಪ್ರಯತ್ನ ಮಾಡ್ತಾನೆ. ಸೇನಾಪತಿ ಹೇಗ್ ಒಂದು ದೃಶ್ಯದಲ್ಲಿ ಮೇಜಿನ ಮೇಲಿನ ಆಟಿಕೆ ಸೈನಿಕರನ್ನ ಉರುಳಿಸಿ, ಕಸ ಗುಡಿಸಿದ ಹಾಗೆ ಗುಡಿಸಿ ಎಸೀತಾನೆ.

ಇದರ ಬಗ್ಗೆ ಜಗಳ ಆಗಿದೆ. 2014ರಲ್ಲಿ, ಯುದ್ಧದ ನೂರನೇ ವರ್ಷ, ಆಗಿನ ಬ್ರಿಟಿಷ್ ಶಿಕ್ಷಣ ಸಚಿವ ಮೈಕಲ್ ಗೋವ್, ಇಂಥ ಕಾರ್ಯಕ್ರಮಗಳು ಯುದ್ಧದ ಬಗ್ಗೆ ತಪ್ಪು ಕಲ್ಪನೆ ಹರಡ್ತವೆ ಅಂತ ಬರೆದ್ರು. ಬಾಲ್ಡ್ರಿಕ್ ಪಾತ್ರಧಾರಿ ಟೋನಿ ರಾಬಿನ್‌ಸನ್ ತಿರುಗಿ ಉತ್ತರ ಕೊಟ್ಟರು. ಸೇನಾ ಇತಿಹಾಸಕಾರರಲ್ಲೂ ಹಲವರು, ಎಲ್ಲ ಜನರಲ್‌ಗಳೂ ಕತ್ತೆಗಳಲ್ಲ, ಎಷ್ಟೋ ಜನರಲ್‌ಗಳು ಯುದ್ಧದಲ್ಲೇ ಸತ್ತರು, ಸೈನ್ಯ ಕಲೀತಾ ಹೋಯ್ತು ಅಂತಾರೆ. ಅದೂ ಸರಿ, ಕೇಳಬೇಕಾದ ಮಾತು. ಧಾರಾವಾಹಿಯನ್ನ ಪಠ್ಯಪುಸ್ತಕ ಅಂತ ಯಾರೂ ಓದಬಾರದು. ಆದರೆ ಕಂದಕದಲ್ಲಿ ಕೂತವನಿಗೆ ಯುದ್ಧ ಹೇಗೆ ಕಾಣಿಸ್ತು ಅನ್ನೋದು ಇತಿಹಾಸ ಅಲ್ಲವಾ?

ಅದೇ ಯುದ್ಧದಲ್ಲಿ ನಮ್ಮವರೂ ಇದ್ದರು. ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಹೋರಾಡಿತು. 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಪಟ್ಟಣ ಗೆದ್ದಿತು. ಮಷಿನ್ ಗನ್ನಿನ ಎದುರಿಗೆ ಈಟಿ ಹಿಡಿದು ಕುದುರೆ ಓಡಿಸಿದವರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ನೆನಪಿನವು. ಮೂರ್ತಿಗಳಿವೆ. ಅದರಲ್ಲಿ ಒಬ್ಬ ಸವಾರನ ಹೆಸರು ಹೇಳಿ ಅಂದ್ರೆ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ?

ಮತ್ತೆ ಕಾಕನಕೋಟೆಗೆ

ಈಗ 1906ಕ್ಕೆ ವಾಪಸ್ ಬರೋಣ. ಹೆಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ದಮ್ಮನಕಟ್ಟೆ, ಬಳ್ಳೆ, ಬಾವಲಿ ಕಡೆ ಹೋಗೋ ದಾರಿಯ ಕಾಡು ಅದು. ಖೆಡ್ಡಾ ಹೇಗೆ ನಡೀತಿತ್ತು? ವಾರಗಟ್ಟಲೆ ಮೊದಲೇ ಕಾಡಿನ ಜನ ಆನೆ ಹಿಂಡಿನ ಜಾಡು ಹಿಡಿದು ಸುತ್ತುವರೀತಿದ್ರು. ರಾತ್ರಿ ಪೂರಾ ಬೆಂಕಿ ಹಾಕಿ, ತಮಟೆ ಬಡಿದು, ಹಿಂಡು ಚದುರದ ಹಾಗೆ ಕಾಯ್ತಿದ್ರು. ದೊರೆಗಳು ಬಂದು ಅಟ್ಟಣಿಗೆ ಮೇಲೆ ಕೂತ ದಿನ ಹಿಂಡನ್ನ ಕಬಿನಿ ಹೊಳೆಗೆ ಇಳಿಸಿ, ದಾಟಿಸಿ, ಮರದ ದಿಮ್ಮಿಯ ದೊಡ್ಡಿಗೆ ನುಗ್ಗಿಸಿ ಬಾಗಿಲು ಬೀಳಿಸ್ತಿದ್ರು. ಆಮೇಲೆ ಮಾವುತರು ಸಾಕಾನೆ ಮೇಲೆ ಒಳಗೆ ಹೋಗಿ, ರೊಚ್ಚಿಗೆದ್ದ ಕಾಡಾನೆ ಕಾಲಿಗೆ ಹಗ್ಗ ಹಾಕಬೇಕು. ಅಟ್ಟಣಿಗೆ ಮೇಲೆ ಚಪ್ಪಾಳೆ, ಕೆಳಗೆ ಪ್ರಾಣ. ಮೇಲಿದ್ದವರ ಹೆಸರು, ಊಟದ ಪಟ್ಟಿ ಸಮೇತ ಪುಸ್ತಕಗಳಲ್ಲಿದೆ. ಕೆಳಗಿದ್ದವರು ಆ ಪುಸ್ತಕಗಳಲ್ಲಿ 'ಸ್ಥಳೀಯರು', 'ಕುರುಬರು', ಅಷ್ಟೇ.

ಒಬ್ಬನ ಹೆಸರು ಮಾತ್ರ ಹೊರಗೆ ಬಂತು. ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿಯ ತಂಡ ರುಡ್ಯಾರ್ಡ್ ಕಿಪ್ಲಿಂಗ್ ಕಥೆ ಇಟ್ಟುಕೊಂಡು ಸಿನಿಮಾ ತೆಗೆಯೋಕೆ ಮೈಸೂರಿಗೆ ಬಂದಾಗ ಈ ಹುಡುಗನನ್ನ ಆರಿಸಿತು. 1937ರ 'ಎಲಿಫೆಂಟ್ ಬಾಯ್' ಅವನನ್ನ ಲಂಡನ್‌ಗೆ, ಆಮೇಲೆ ಹಾಲಿವುಡ್‌ಗೆ ಕರೆದೊಯ್ದಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿದ್ದ. 1963ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡ. ಜಗತ್ತು ಅವನನ್ನ ಸಾಬು ದಸ್ತಗೀರ್ ಅಂತ ಕರೀತು. ದಸ್ತಗೀರ್ ಅನ್ನೋದು ಅವನ ಅಣ್ಣನ ಹೆಸರು ಅಂತಾರೆ. ನೋಡಿ, ಅಷ್ಟು ದೊಡ್ಡ ತಾರೆ ಆದ್ರೂ ಹೆಸರು ಮಾತ್ರ ಸರಿಯಾಗಿ ದಾಖಲಾಗಲಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂತು, ಆ ದಡಗಳು ಹಿನ್ನೀರಾದವು. ಕಾಡು ಹುಲಿ ಸಂರಕ್ಷಣೆಗೆ ಸೇರಿತು, ಎಷ್ಟೋ ಹಾಡಿಗಳು ಕಾಡಿನಿಂದ ಹೊರಗೆ ಬಂದವು. 1968ರ ಖೆಡ್ಡಾದಲ್ಲಿ ಕಾಕನಕೋಟೆಯಲ್ಲಿ ಸಿಕ್ಕಿದ ಅರ್ಜುನ ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ. 2023ರ ಡಿಸೆಂಬರ್‌ನಲ್ಲಿ ಅವನು ಕಾಡಾನೆ ಜೊತೆ ಕಾದಾಡಿ ಸತ್ತಾಗ ಇಡೀ ಕರ್ನಾಟಕ ಅತ್ತಿತು, ನಾನೂ ಅತ್ತೆ. ಆನೆಯ ಹೆಸರು ನಮಗೆ ಗೊತ್ತು. ಅವನನ್ನ ಹಿಡಿದವರ, ಹಗ್ಗ ಹಾಕಿದವರ, ಪಳಗಿಸಿದವರ ಹೆಸರು?

1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಬೆಂಕಿ ಹಾಕಿ ಕಾದವರು, ತಮಟೆ ಬಡಿದವರು, ಕಾವಾಡಿಗಳು, ಇನ್ನೂ ಕೆಲವರು ಹಾಡಿಗಳಲ್ಲಿದ್ದಾರೆ. ಎಷ್ಟು ದಿನ ಇರ್ತಾರೆ? ನಮ್ಮೆಲ್ಲರ ಜೇಬಲ್ಲೂ ರೆಕಾರ್ಡ್ ಮಾಡೋ ಯಂತ್ರ ಇದೆ. ಹೋಗಿ, ಕೂತು, ಅಜ್ಜ ನಿಮ್ಮ ಹೆಸರೇನು, ಅವತ್ತು ಎಲ್ಲಿ ನ���ಂತಿದ್ರಿ, ಎಷ್ಟು ಕೂಲಿ ಕೊಟ್ರು ಅಂತ ಕೇಳೋಕೆ ಅರ್ಧ ದಿನ ಸಾಕು.

'ಬ್ಲ್ಯಾಕ್‌ಆಡರ್' ಕೊನೆಯ ಸಂಚಿಕೆಯ ಕೊನೆಯ ನಿಮಿಷ ಹೇಳಿ ಮುಗಿಸ್ತೀನಿ. ಎಲ್ಲರೂ ಏಣಿ ಮುಂದೆ ನಿಂತಿದ್ದಾರೆ, ಸೀಟಿ ಊದಿದ್ರೆ ಮೇಲೆ ಹತ್ತಿ ಗುಂಡಿಗೆ ಎದೆ ಕೊಡಬೇಕು. ಆಗಲೂ ಬಾಲ್ಡ್ರಿಕ್, ಬುದ್ಧಿ, ನನ್ನ ಹತ್ರ ಒಂದು ಉಪಾಯ ಇದೆ ಅಂತಾನೆ. ಈ ಸಲ ಬ್ಲ್ಯಾಕ್‌ಆಡರ್ ಬೈಯಲ್ಲ. ಆದರೆ ಕೇಳೋಕೆ ಹೊತ್ತಿಲ್ಲ. ಸೀಟಿ ಊದುತ್ತೆ. ಮೇಲೆ ಹತ್ತುತ್ತಾರೆ. ಹೊಗೆ, ಮೌನ, ಆಮೇಲೆ ಆ ಬಯಲೆಲ್ಲ ಕೆಂಪು ಗಸಗಸೆ ಹೂವು.

ಅವನ ಉಪಾಯ ಏನಿತ್ತು ಅಂತ ನಮಗೆ ಕೊನೆಗೂ ಗೊತ್ತಾಗಲ್ಲ. ಕಾಕನಕೋಟೆಯ ಅಜ್ಜಂದಿರ ಮಾತು ಕೇಳೋಕೆ ನಮಗಿನ್ನೂ ಸ್ವಲ್ಪ ಹೊತ್ತಿದೆ.